2 ಸೀರೆ, 300 ದಿನ: ಅಂಗನವಾಡಿ ಸಮವಸ್ತ್ರದ ಲೆಕ್ಕ ತಾಳೆಯಾಗದ್ದೇಕೆ?

ಅಂಗನವಾಡಿ ಕಾರ್ಯಕರ್ತೆಯರ ಸಮವಸ್ತ್ರದ ಬಗ್ಗೆ ಆಗಾಗ ಎರಡು ತೆರನ ಸುದ್ದಿ ಬರುತ್ತದೆ. ಕರ್ತವ್ಯದ ವೇಳೆ ಸಮವಸ್ತ್ರ ಧರಿಸುವುದು ಕಡ್ಡಾಯ, ತಪ್ಪಿದರೆ ಕ್ರಮ ಎಂಬ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳ ತಾಕೀತು ಒಂದು. ಕೊಟ್ಟ ಸೀರೆ ಕಳಪೆ, ಹೊತ್ತಿಗೆ ಸರಿಯಾಗಿ ಬರಲಿಲ್ಲ, ಇನ್ನೊಂದು ಜೊತೆ ಕೊಡಿ ಎಂಬ ಕಾರ್ಯಕರ್ತೆಯರ ದೂರು ಇನ್ನೊಂದು. ಓದುವವರಿಗೆ ಗೊಂದಲವಾಗುವುದು ಸಹಜ. ಇವರಿಗೆ ಸಮವಸ್ತ್ರ ಬೇಕೋ, ಬೇಡವೋ? ಇಷ್ಟಕ್ಕೂ ಮೂರು ವರ್ಷದ ಮಕ್ಕಳಿಗೆ ಹಾಡು, ಕಥೆ ಹೇಳಿಕೊಡುವವರಿಗೆ ಪೊಲೀಸರಂತೆ, ಬಸ್ ಕಂಡಕ್ಟರರಂತೆ ಒಂದೇ ಬಣ್ಣದ ಬಟ್ಟೆ ಯಾಕೆ?

ಉತ್ತರ ಒಂದೇ ಸಾಲಿನಲ್ಲಿ ಸಿಗದು. ಸೀರೆಯ ಹೆಸರಿನಲ್ಲಿ ನಡೆಯುತ್ತಿರುವ ಜಗಳ ನಿಜಕ್ಕೂ ಸೀರೆಯದ್ದಲ್ಲ ಎಂಬುದು ಅದಕ್ಕೆ ಕಾರಣ.

ಶಾಲೆಯೂ ಹೌದು, ಅಡುಗೆಮನೆಯೂ ಹೌದು

ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, ಶುರುವಾದದ್ದು 1975ರ ಅಕ್ಟೋಬರ್ 2ರಂದು. ದೇಶದಾದ್ಯಂತ ಪ್ರಯೋಗಕ್ಕೆ ಆರಿಸಿಕೊಂಡ 33 ಕಡೆಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಐವತ್ತು ವರ್ಷಗಳಲ್ಲಿ ಅದು ದೇಶದಲ್ಲಿ ಸುಮಾರು 14 ಲಕ್ಷ, ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ಬೆಳೆದಿದೆ. ಸಾಮಾನ್ಯವಾಗಿ ಕೇಂದ್ರಕ್ಕೊಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ.

ಕಾರ್ಯಕರ್ತೆಯ ದಿನಚರಿ ನೋಡಿದರೆ ಸಮವಸ್ತ್ರದ ಪ್ರಶ್ನೆ ಯಾಕೆ ಇಷ್ಟು ಸಿಕ್ಕಾಗಿದೆ ಎಂಬುದು ತಿಳಿಯುತ್ತದೆ. ಬೆಳಿಗ್ಗೆ 3ರಿಂದ 6 ವರ್ಷದ ಮಕ್ಕಳನ್ನು ಕೂರಿಸಿಕೊಂಡು ‘ಚಿಲಿಪಿಲಿ’ ಪಠ್ಯದ ಚಟುವಟಿಕೆ ಮಾಡಿಸುವಾಗ ಆಕೆ ಟೀಚರ್. ಗರ್ಭಿಣಿ, ಬಾಣಂತಿಯರು ಮಾತೃಪೂರ್ಣ ಯೋಜನೆಯ ಊಟಕ್ಕೆ ಬಂದಾಗ ಪೌಷ್ಟಿಕತೆಯ ಲೆಕ್ಕ ಬರೆಯುವವಳು. ಮಗುವನ್ನು ತಕ್ಕಡಿಯಲ್ಲಿ ತೂಗುವಾಗ ಆರೋಗ್ಯ ಸಿಬ್ಬಂದಿ. ಮಧ್ಯಾಹ್ನದ ನಂತರ ಮನೆಮನೆಗೆ ಹೋಗುವಾಗ ಸರ್ಕಾರದ ಪ್ರತಿನಿಧಿ. ಚುನಾವಣೆ ಬಂದರೆ ಹಲವರ ಕೈಗೆ ಮತದಾರರ ಪಟ್ಟಿಯ ಕೆಲಸವೂ ಬರುತ್ತದೆ. ಇದರ ನಡುವೆ ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ತೊಳೆದು ಬಟ್ಟೆ ಬದಲಿಸುವವಳೂ ಅವಳೇ, ಇಲ್ಲವೇ ಸಹಾಯಕಿ.

ಈ ಎಲ್ಲ ಪಾತ್ರಗಳಿಗೂ ಹೊಂದುವ ಬಟ್ಟೆ ಯಾವುದು? ಬೀದಿಯಲ್ಲಿ ಗುರುತು ಸಿಗಲೆಂದು ಆರಿಸಿದ್ದು ನೆಲದ ಮೇಲೆ ಕೂತು ಆಡಿಸಲು ಒದಗದೇ ಹೋಗಬಹುದು. ವಾದ ಮಾಡುವ ಎರಡೂ ಕಡೆಯವರು ಈ ಪಾತ್ರಗಳಲ್ಲಿ ತಮಗೆ ಬೇಕಾದ ಒಂದನ್ನು ಮಾತ್ರ ಹಿಡಿದುಕೊಂಡು ಮಾತನಾಡುತ್ತಾರೆ.

ಇಲಾಖೆಯ ವಾದದಲ್ಲಿ ಹುರುಳಿಲ್ಲವೆ?

ಇದೆ. ಕೇಂದ್ರ ಸರ್ಕಾರ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೆ ವರ್ಷಕ್ಕೆ ಎರಡು ಸಮವಸ್ತ್ರ (ಸೀರೆ ಅಥವಾ ಸೂಟ್) ಕೊಡುವ ಅವಕಾಶ ಮಾಡಿದೆ, ಜೊತೆಗೆ ಹೆಸರಿನ ಬ್ಯಾಡ್ಜ್. ಇದರ ಮೊದಲ ಸಮರ್ಥನೆ ಗುರುತು. ಮನೆ ಭೇಟಿಗೆ ಹೋದವಳು ಬಾಗಿಲು ತಟ್ಟಿ ‘ಮಗುವಿನ ತೂಕ ನೋಡಬೇಕು, ಆಧಾರ್ ಕೊಡಿ’ ಎಂದರೆ ಒಳಗಿದ್ದವರು ನಂಬಬೇಕಲ್ಲ. ಹಳ್ಳಿಯಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ಅಂಗನವಾಡಿ ಟೀಚರ್ ಯಾರ ಮಗಳು, ಯಾರ ಸೊಸೆ ಎಂಬುದು ಊರಿಗೇ ಗೊತ್ತು. ದಿನಕ್ಕೊಬ್ಬ ಬಾಡಿಗೆದಾರ ಬದಲಾಗುವ ಬೆಂಗಳೂರಿನ ವಠಾರಗಳಲ್ಲಿ ಹಾಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹರಡಿದ ಮಕ್ಕಳ ಕಳ್ಳರ ವದಂತಿಯಿಂದ 2018ರಲ್ಲಿ ಇದೇ ರಾಜ್ಯದಲ್ಲಿ ಅಮಾಯಕರ ಜೀವ ಹೋಯಿತು. ಅಂಥ ವಾತಾವರಣದಲ್ಲಿ ಬೇರೆಯವರ ಮಗುವನ್ನು ಎತ್ತಿಕೊಳ್ಳುವ ಹೆಂಗಸಿಗೆ ತಾನು ಯಾರು ಎಂದು ಮೈಮೇಲೇ ಬರೆದುಕೊಂಡಿರುವುದು ಒಂದು ರಕ್ಷಣೆ.

ಆದರೆ ಗುರುತು ಎರಡು ಅಲುಗಿನ ಕತ್ತಿ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೋವಿಡ್ ಸಮೀಕ್ಷೆಗೆ ಹೋಗಿದ್ದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾದಾಗ, ಅವರು ಸರ್ಕಾರದ ಕಡೆಯವರು ಎಂದು ಹಲ್ಲೆ ಮಾಡಿದವರಿಗೆ ತಿಳಿದೇ ಇತ್ತು.

ಎರಡನೆಯ ಸಮರ್ಥನೆ ಸಮಾನತೆ. ಸೀರೆ ನೋಡಿ ಅಂತಸ್ತು ಅಳೆಯುವ ನಮ್ಮ ಊರುಗಳಲ್ಲಿ ಬಡ ಮನೆಯ ಕಾರ್ಯಕರ್ತೆಗೆ ‘ಇವತ್ತು ಏನು ಉಡಲಿ’ ಎಂಬ ಚಿಂತೆಯನ್ನು ಸಮವಸ್ತ್ರ ತಪ್ಪಿಸುತ್ತದೆ. ಸ್ವಂತ ಬಟ್ಟೆ ಉಳಿಯುತ್ತದೆ. ಇದನ್ನು ಕಾರ್ಯಕರ್ತೆಯರೂ ಒಪ್ಪುತ್ತಾರೆ, ಇನ್ನೊಂದು ಜೊತೆ ಕೊಡಿ ಎಂಬ ಬೇಡಿಕೆ ಹುಟ್ಟುವುದೇ ಇದರಿಂದ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲಾಖೆಗೆ ಸೀರೆಯಷ್ಟು ಸಲೀಸಾದ ಸಮವಸ್ತ್ರ ಇನ್ನೊಂದಿಲ್ಲ. ಅಳತೆ ತೆಗೆಯಬೇಕಿಲ್ಲ. ಇಪ್ಪತ್ತರ ಹುಡುಗಿಗೂ ಅರುವತ್ತರ ಹತ್ತಿರ ಬಂದವಳಿಗೂ, ತೆಳ್ಳಗಿದ್ದವಳಿಗೂ ದಪ್ಪಗಿದ್ದವಳಿಗೂ, ಗರ್ಭಿಣಿಗೂ ಬಾಣಂತಿಗೂ ಅದೇ ಐದೂವರೆ ಮೀಟರ್. ವಿಜಯಪುರದಲ್ಲಿ ತಲೆ ಮೇಲೆ ಸೆರಗು ಹೊದ್ದು ಉಡಬಹುದು, ಕೊಡಗಿನಲ್ಲಿ ನೆರಿಗೆ ಹಿಂದಕ್ಕೆ ಹಾಕಿ ಉಡಬಹುದು. ಲಕ್ಷಕ್ಕೂ ಹೆಚ್ಚು ಜನರಿಗೆ ಒಂದೇ ಟೆಂಡರ್ ಕರೆಯಬೇಕಾದ ಅಧಿಕಾರಿಗೆ ಇದಕ್ಕಿಂತ ಇನ್ನೇನು ಬೇಕು?

ಮಗುವಿನ ಕಣ್ಣಿನಿಂದ ನೋಡಿದರೆ

ಈ ಚರ್ಚೆಯಲ್ಲಿ ಯಾರೂ ಕೇಳದ ಪಕ್ಷ ಮಗುವಿನದು. ಮೂರು ವರ್ಷದ ಮಗು ಟೀಚರನ್ನು ಗುರುತಿಸುವುದು ಮುಖದಿಂದ, ದನಿಯಿಂದ, ಎತ್ತಿಕೊಂಡ ರೀತಿಯಿಂದ. ಸೀರೆಯ ಬಣ್ಣ ಅದಕ್ಕೆ ಬೇಕಿಲ್ಲ. ಕಾರ್ಯಕರ್ತೆ ರಜೆ ಹಾಕಿ ಬೇರೊಬ್ಬಳು ಅದೇ ಸಮವಸ್ತ್ರದಲ್ಲಿ ಬಂದು ಕೂತರೆ ಮಗು ಅಳು ನಿಲ್ಲಿಸುವುದಿಲ್ಲ. ಹಾಗಾಗಿ ಸಮವಸ್ತ್ರದಿಂದ ಮಕ್ಕಳಿಗೆ ಶಿಸ್ತು ಬರುತ್ತದೆ ಎಂಬ ಮಾತು ಈ ವಯಸ್ಸಿಗೆ ಹೊಂದುವುದಿಲ್ಲ. ಅದು ಹೈಸ್ಕೂಲಿನಿಂದ ಎರವಲು ತಂದ ವಾದ.

ಮಕ್ಕಳಿಗೆ ಬಟ್ಟೆ ಮುಖ್ಯವಾಗುವುದು ಬೇರೆ ಬಗೆಯಲ್ಲಿ. ಬಿಳಿ ಕೋಟು ಕಂಡರೆ ಸೂಜಿ ನೆನಪಾಗಿ ಅಳುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಮಕ್ಕಳ ವಾರ್ಡಿನ ದಾದಿಯರಿಗೆ ಹಲವು ಆಸ್ಪತ್ರೆಗಳು ಗೊಂಬೆ ಚಿತ್ರದ ಬಟ್ಟೆ ಕೊಡುವುದು ಅದಕ್ಕೇ. ಲಸಿಕೆ ಹಾಕುವ ದಿನ ಆರೋಗ್ಯ ಸಹಾಯಕಿ ಬರುವುದು ಬಹಳ ಕಡೆ ಅಂಗನವಾಡಿಗೇ. ಸೂಜಿ ಚುಚ್ಚುವವಳೂ ಕಥೆ ಹೇಳುವವಳೂ ಮಗುವಿಗೆ ಒಂದೇ ತರಹ ಕಾಣಬಾರದು. ಸಮವಸ್ತ್ರ ಆರಿಸುವವರು ಬಣ್ಣದ ಬಗ್ಗೆ ಯೋಚಿಸುವುದಾದರೆ ಇಲ್ಲಿಂದ ಶುರು ಮಾಡಬೇಕು.

ಸೆರಗು, ಒಲೆ ಮತ್ತು ಮಳೆಗಾಲ

ಈಗ ಕೆಲಸಕ್ಕೆ ಬರೋಣ. ಪುಟ್ಟ ಮಕ್ಕಳ ಜೊತೆಗಿನ ಕೆಲಸವೆಂದರೆ ಬಾಗುವುದು, ಕುಕ್ಕರಗಾಲಲ್ಲಿ ಕೂರುವುದು, ಮೇಲೇಳುವುದು, ಓಡಿಹೋಗಿ ಹಿಡಿಯುವುದು. ಸೀರೆ ಉಟ್ಟು ಗದ್ದೆ ಕೆಲಸ ಮಾಡುವ ಹೆಂಗಸರಿರುವ ನಾಡಿನಲ್ಲಿ ಇದು ಆಗುವುದಿಲ್ಲ ಎನ್ನಲಾಗದು. ಆದರೆ ಗದ್ದೆಗೆ ಇಳಿಯುವವಳು ಸೀರೆಯನ್ನು ಮೇಲೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಳಿಯುತ್ತಾಳೆ. ಸಮವಸ್ತ್ರವನ್ನು ನೀಟಾಗಿ ಪಿನ್ ಹಾಕಿ ಉಡಬೇಕು. ಅದು ‘ನೋಡಲು’ ಇರುವ ಬಟ್ಟೆ. ತುಂಟ ಮಗು ಸೆರಗು ಜಗ್ಗಿದರೆ ಪಿನ್ನೇ ಅಪಾಯ.

ಒಲೆಯ ವಿಷಯ ಇನ್ನೂ ಗಂಭೀರ. ಬಿಸಿಯೂಟ ಬೇಯಿಸುವುದು ಕೇಂದ್ರದಲ್ಲೇ, ಬೇಯಿಸುವವಳು ಸಹಾಯಕಿ, ಉರಿಯುವುದು ಗ್ಯಾಸ್ ಒಲೆ. ಟೆಂಡರ್ ಅತಿ ಕಡಿಮೆ ದರ ಬರೆದವರಿಗೆ ಹೋದಾಗ ಕೈಗೆ ಬರುವುದು ಬಹುಪಾಲು ಸಿಂಥೆಟಿಕ್ ಬಟ್ಟೆ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಸೀರೆಯ ಬಣ್ಣದ ಬಗ್ಗೆ ಆಗುವ ಚರ್ಚೆಯ ಅರ್ಧದಷ್ಟಾದರೂ ಅದರ ನೂಲಿನ ಬಗ್ಗೆ ಆಗಬೇಕಿತ್ತು. ಹತ್ತಿ ಅಥವಾ ಕೈಮಗ್ಗದ ಬಟ್ಟೆಗೆ ಬೆಲೆ ಹೆಚ್ಚು, ಇಸ್ತ್ರಿಯ ಕಷ್ಟವೂ ಇದೆ. ಆದರೆ ಸರ್ಕಾರಿ ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ರಾಜ್ಯದ ನೇಕಾರರಿಂದ ನೇಯಿಸಿದ ಅನುಭವ ಹುಬ್ಬಳ್ಳಿಯ ಕೈಮಗ್ಗ ಅಭಿವೃದ್ಧಿ ನಿಗಮಕ್ಕಿದೆ. ದಾರಿ ಇಲ್ಲ ಎನ್ನುವಂತಿಲ್ಲ.

ಇನ್ನು ಲೆಕ್ಕ. ಪೂರಕ ಪೌಷ್ಟಿಕ ಆಹಾರ ಕೊಡಬೇಕಾದದ್ದು ವರ್ಷಕ್ಕೆ 300 ದಿನ. ಅಂದರೆ ಕೇಂದ್ರ ತೆರೆದಿರಬೇಕಾದದ್ದೂ ಸುಮಾರು ಅಷ್ಟೇ ದಿನ. ಕೇಂದ್ರ ಸರ್ಕಾರದ ಲೆಕ್ಕದ 2 ಸೀರೆಯಲ್ಲಿ ಇದನ್ನು ಸಾಗಿಸಿದರೆ ಒಂದೊಂದು ಸೀರೆಯೂ ವರ್ಷದಲ್ಲಿ 150 ಸಲ ಮೈಮೇಲೆ, 150 ಸಲ ಕಲ್ಲಿನ ಮೇಲೆ. ಉಪ್ಪಿಟ್ಟು, ಹಾಲು, ಮಕ್ಕಳ ಸಿಂಬಳ, ಉಚ್ಚೆ ಎಲ್ಲವೂ ತಾಗುವ ಬಟ್ಟೆ ಇದು, ಒಂದು ದಿನ ಉಟ್ಟದ್ದನ್ನು ಮರುದಿನ ಉಡುವಂತಿಲ್ಲ. ಆಗುಂಬೆಯ ಕಡೆಯಲ್ಲೋ ಕರಾವಳಿಯಲ್ಲೋ ಜುಲೈ ತಿಂಗಳಲ್ಲಿ ಒಗೆದ ಸೀರೆ ಒಂದು ರಾತ್ರಿಯಲ್ಲಿ ಒಣಗಿದ್ದುಂಟೆ? ‘ಕಡ್ಡಾಯ’ ಎಂದು ಬರೆದವರು ಈ ಭಾಗಾಕಾರ ಮಾಡಿದ್ದರೆ ಮೊದಲು ಬರೆಯುತ್ತಿದ್ದುದು ‘ನಾಲ್ಕು’ ಎಂಬ ಪದ.

ಉಚಿತ ಸೀರೆ ಪೂರ್ತಿ ಉಚಿತವೂ ಅಲ್ಲ. ರವಿಕೆ ಹೊಲಿಸುವ ಕೂಲಿ, ಫಾಲ್, ಲಂಗ, ಸಾಬೂನು ಸಾಮಾನ್ಯವಾಗಿ ಉಡುವವಳ ಕಿಸೆಯಿಂದಲೇ. ಹೋಲಿಕೆಗೆ ನೋಡಿ: ಏಳನೇ ವೇತನ ಆಯೋಗದ ನಂತರ 2017ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಒಗೆಯುವ ಖರ್ಚನ್ನೂ ಸೇರಿಸಿ ಉಡುಪು ಭತ್ಯೆ ನಿಗದಿಯಾಯಿತು. ಅದರ ಅತಿ ಕೆಳಗಿನ ಶ್ರೇಣಿಯಲ್ಲಿ ಸ್ಟಾಫ್ ಕಾರ್ ಚಾಲಕರು, ಎಂಟಿಎಸ್ (ಬಹುಕಾರ್ಯ) ಸಿಬ್ಬಂದಿ ಬರುತ್ತಾರೆ, ಆಗ ಅವರಿಗೆ ನಿಗದಿಯಾದದ್ದು ವರ್ಷಕ್ಕೆ 5,000 ರೂಪಾಯಿ. ಹಣ ಬ್ಯಾಂಕಿಗೆ ಬರುತ್ತದೆ, ಬಟ್ಟೆ ಅವರೇ ಹೊಲಿಸಿಕೊಳ್ಳುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ 2018ರ ಅಕ್ಟೋಬರ್‌ನಿಂದ ಕೇಂದ್ರ ನಿಗದಿ ಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ರಾಜ್ಯಗಳು ಇದರ ಮೇಲೆ ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕ 2025ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿತು. ಈ ಆದಾಯದಲ್ಲಿ ರವಿಕೆಯ ಕೂಲಿಯೂ ಒಂದು ಲೆಕ್ಕವೇ.

ನೌಕರಳಲ್ಲ, ಆದರೂ ಸಮವಸ್ತ್ರ

ವಿವಾದದ ಬೇರು ಇರುವುದು ‘ಗೌರವಧನ’ ಎಂಬ ಆ ಪದದಲ್ಲಿ. ಸರ್ಕಾರದ ದಾಖಲೆಯಲ್ಲಿ ಇವರು ಸಮುದಾಯದಿಂದ ಬಂದ ಗೌರವ ಸೇವಕಿಯರು, ಸಂಬಳದ ನೌಕರರಲ್ಲ. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ, ಅಂಗನವಾಡಿ ಕಾರ್ಯಕರ್ತೆಯರ ಹುದ್ದೆ ನಾಗರಿಕ ಸೇವೆಯ ಹುದ್ದೆಯಲ್ಲ ಎಂದಿತು. ಸರ್ಕಾರಿ ನೌಕರರ ಸೇವಾ ತಕರಾರು ಆಲಿಸುವ ಆಡಳಿತ ನ್ಯಾಯಮಂಡಳಿಯ ಬಾಗಿಲು ಇವರಿಗೆ ಅದರೊಂದಿಗೆ ಮುಚ್ಚಿತು.

ಆಮೇಲೆ ಗಾಳಿ ನಿಧಾನಕ್ಕೆ ತಿರುಗಿತು. 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ಅಂಗನವಾಡಿ, ಆಶಾ ಮುಂತಾದ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷ ಬಂದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಿಂದ ಅಂಗನವಾಡಿಯ ಊಟ ಕಾನೂನಿನ ಹಕ್ಕಾಯಿತು. ಊಟ ಹಕ್ಕಾದರೆ ಬಡಿಸುವವಳ ಕೆಲಸ ಬರೀ ಸೇವೆ ಹೇಗಾದೀತು? ಇದೇ ತರ್ಕದ ಮೇಲೆ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್, ಗುಜರಾತಿನ ಪ್ರಕರಣವೊಂದರಲ್ಲಿ, ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು.

ಈ ಹಿನ್ನೆಲೆಯಲ್ಲಿ ಸಮವಸ್ತ್ರವನ್ನು ನೋಡಿ. ಗೊತ್ತಾದ ಹೊತ್ತು, ಗೊತ್ತಾದ ಜಾಗ, ಮೇಲಧಿಕಾರಿಯ ತಪಾಸಣೆ, ಕಡ್ಡಾಯ ಉಡುಪು. ಇವೆಲ್ಲ ಉದ್ಯೋಗದಾತನೊಬ್ಬ ಇದ್ದಾನೆ ಎಂಬುದರ ಲಕ್ಷಣಗಳು. ಬೇರೆಡೆ ಗೌರವ ಸೇವೆ ಮಾಡುವವರಿಗೆ ಉಟ್ಟ ಬಟ್ಟೆಗಾಗಿ ನೋಟಿಸ್ ಬರುವುದಿಲ್ಲ. ಸಂಬಳದ ದಿನ ‘ನೀನು ನೌಕರಳಲ್ಲ’ ಎನ್ನುವ ಇಲಾಖೆ, ಸೋಮವಾರ ಬೆಳಿಗ್ಗೆ ‘ನೌಕರಳಂತೆ ಕಾಣು’ ಎನ್ನುತ್ತದೆ. ಕಾರ್ಯಕರ್ತೆಯರು ಸಿಡಿಮಿಡಿಗೊಳ್ಳುವುದು ಈ ಇಬ್ಬಂದಿತನಕ್ಕೆ. ಅವರು ಸೀರೆ ಬೇಡ ಎಂದದ್ದಕ್ಕಿಂತ, ಸೀರೆಯ ಜೊತೆಗೆ ಬರಬೇಕಾದದ್ದು ಬರಲಿ ಎಂದದ್ದೇ ಹೆಚ್ಚು.

ಕೇಂದ್ರ ಸರ್ಕಾರದ ನಿಯಮದಲ್ಲಿ ಸಮವಸ್ತ್ರ ಇರುವುದು ಕಾರ್ಯಕರ್ತೆ ಮತ್ತು ಸಹಾಯಕಿಗೆ. ಅವರ ಮೇಲಿರುವ ಮೇಲ್ವಿಚಾರಕಿ, ಆಕೆಯ ಮೇಲಿರುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಾಯಂ ಸರ್ಕಾರಿ ನೌಕರರು. ಪಕ್ಕದ ಪ್ರಾಥಮಿಕ ಶಾಲೆಯ ಒಂದನೇ ತರಗತಿಯ ಮೇಡಂ ಕೂಡ. ಅವರೆಲ್ಲ ತಮ್ಮ ಇಷ್ಟದ ಬಟ್ಟೆ ತೊಟ್ಟು ಬರುತ್ತಾರೆ. ನಾಲ್ಕು ವರ್ಷದ ಮಗುವಿಗೆ ಕಲಿಸುವವಳು ಸಮವಸ್ತ್ರದಲ್ಲಿ, ಆರು ವರ್ಷದ ಮಗುವಿಗೆ ಕಲಿಸುವವಳು ತನ್ನ ಬಟ್ಟೆಯಲ್ಲಿ. ಎರಡರ ನಡುವೆ ಇರುವುದು ಹೆಚ್ಚೆಂದರೆ ಒಂದು ಕಾಂಪೌಂಡ್ ಗೋಡೆ. ಸಮವಸ್ತ್ರ ಶಿಕ್ಷಕಿಯ ಗೌರವ ಹೆಚ್ಚಿಸುತ್ತದೆ ಎನ್ನುವವರು ಗೋಡೆಯ ಆಚೆ ಯಾಕೆ ಅದು ಬೇಕಾಗಲಿಲ್ಲ ಎಂಬುದಕ್ಕೆ ಉತ್ತರ ಹುಡುಕಬೇಕು.

ಇಷ್ಟಾದರೂ ಸಮವಸ್ತ್ರ ತನ್ನನ್ನು ಕೊಟ್ಟವರ ಮಾತನ್ನೇ ಕೇಳುತ್ತದೆ ಎಂದೇನಿಲ್ಲ. ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಹೋರಾಟಕ್ಕೆ ಕೂತಾಗಲೆಲ್ಲ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ ಚಿತ್ರ ಮರುದಿನದ ಪತ್ರಿಕೆಗಳಲ್ಲಿ ಬಂದಿದೆ. ಬಿಡಿಬಿಡಿಯಾಗಿ ಒಂದೊಂದು ಊರಲ್ಲಿ ಒಬ್ಬೊಬ್ಬರೇ ದುಡಿಯುವ ಹೆಂಗಸರಿಗೆ ‘ನಾವು ಇಷ್ಟು ಜನ ಇದ್ದೇವೆ’ ಎಂದು ತೋರಿಸಿಕೊಳ್ಳಲು ಸರ್ಕಾರದ್ದೇ ಬಟ್ಟೆ ಒದಗಿತು.

ವಸ್ತ್ರಸಂಹಿತೆ ಬೇರೆ, ಸಮವಸ್ತ್ರ ಬೇರೆ

ಇವೆರಡನ್ನೂ ಕಲಸಿ ಮಾತನಾಡುವುದರಿಂದಲೂ ಗೊಂದಲ ಹೆಚ್ಚಿದೆ. ಮಹಾರಾಷ್ಟ್ರ 2024ರ ಮಾರ್ಚ್‌ನಲ್ಲಿ ಶಾಲಾ ಶಿಕ್ಷಕರಿಗೆ ಜೀನ್ಸ್, ಟಿ-ಶರ್ಟ್ ಬೇಡ ಎಂದಿತು. ಅಸ್ಸಾಂ 2023ರಲ್ಲಿ ಇಂಥದ್ದೇ ಆದೇಶ ಹೊರಡಿಸಿತ್ತು. ಇವು ಏನು ತೊಡಬಾರದು ಎಂಬ ಗೆರೆಗಳು. ಕೇರಳ ಇದಕ್ಕೆ ತಿರುವುಮುರುವಾಗಿ, 2021ರಲ್ಲಿ ಶಿಕ್ಷಕಿಯರು ಸೀರೆಯನ್ನೇ ಉಡಬೇಕೆಂದು ಸಂಸ್ಥೆಗಳು ಒತ್ತಾಯಿಸುವಂತಿಲ್ಲ ಎಂದು ಸುತ್ತೋಲೆ ಹೊರಡಿಸಿತು. ಸಮವಸ್ತ್ರದಲ್ಲಿ ಮಾತ್ರ ಬಟ್ಟೆಯನ್ನು ಆರಿಸಿ ಕೈಗೆ ಕೊಡುವವರೇ ಬೇರೆಯವರು. ಹಾಗೆ ಕೊಡುವವರ ಮೇಲೆ ಬಟ್ಟೆಯ ಗುಣಮಟ್ಟ, ಸಂಖ್ಯೆ, ಸುರಕ್ಷತೆಯ ಹೊಣೆಯೂ ಬೀಳುತ್ತದೆ. ಕೇಂದ್ರ ಸರ್ಕಾರದ ಮಾತಿನಲ್ಲೇ ‘ಸೀರೆ ಅಥವಾ ಸೂಟ್’ ಎಂದಿರುವಾಗ ಚೂಡಿದಾರದ ಆಯ್ಕೆ ಕೇಳುವುದು ಅತಿಯಾಸೆಯಲ್ಲ.

ಖಾಸಗಿ ನರ್ಸರಿಗಳ ಕಥೆ ಬೇಗ ಮುಗಿಯುತ್ತದೆ. ಅಲ್ಲಿ ಲೋಗೊ ಇರುವ ಟಿ-ಶರ್ಟ್ ಮುಖ್ಯವಾಗಿ ಜಾಹೀರಾತು. ಗೇಟಿನಲ್ಲಿ ಮಗುವನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎಂದು ತಂದೆತಾಯಿಗೆ ಗೊತ್ತಾಗುತ್ತದೆ ಎಂಬುದಷ್ಟೇ ನಿಜವಾದ ಲಾಭ.

ಹೊರದೇಶಗಳಲ್ಲಿ ನೋಡಬೇಕಾದ್ದು ಜಪಾನ್. ಅಲ್ಲಿನ ಶಿಶುವಿಹಾರಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಗುರುತೇ ಏಪ್ರನ್. ಒಳಗೆ ತಮಗೆ ಅನುಕೂಲವಾದ ಸಡಿಲ ಬಟ್ಟೆ, ಮೇಲೆ ಬಣ್ಣಬಣ್ಣದ, ಗೊಂಬೆ ಚಿತ್ರವಿರುವ, ದೊಡ್ಡ ಜೇಬುಗಳ ಏಪ್ರನ್. ಕೊಳೆಯಾದರೆ ಕಳಚಿ ಇನ್ನೊಂದು ಕಟ್ಟಿಕೊಂಡರಾಯಿತು. ಒಗೆಯುವುದು, ಒಣಗಿಸುವುದು ಸಲೀಸು. ಅದನ್ನು ಹಾಗೇ ಇಲ್ಲಿಗೆ ತರಬೇಕೆಂದಲ್ಲ. ಕೆಲಸ ನೋಡಿ ಬಟ್ಟೆ ಹೊಲಿದರೆ ಹೇಗಿರುತ್ತದೆ ಎಂಬುದಕ್ಕೆ ಅದು ಮಾದರಿ. ನಮ್ಮಲ್ಲಿ ಸೀರೆಯ ಅಂಗಡಿ ನೋಡಿ ಬಟ್ಟೆ ಆರಿಸಿದ್ದೇವೆ.

ಮುಂದೆ ಏನಾಗಬಹುದು?

ಈ ಪ್ರಶ್ನೆ ಸದ್ಯಕ್ಕೆ ತಣ್ಣಗಾಗುವ ಲಕ್ಷಣವಿಲ್ಲ, ಏಕೆಂದರೆ ಅಂಗನವಾಡಿಯೇ ಬದಲಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಎಂದಿತು. ಕರ್ನಾಟಕದಲ್ಲಿ 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ, ಮಕ್ಕಳು ಅತ್ತ ಹೋದರೆ ಕೇಂದ್ರ ಖಾಲಿಯಾಗುತ್ತದೆ ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಅದರ ಬೆನ್ನಿಗೇ ಅಂಗನವಾಡಿಗಳಲ್ಲೇ ‘ಸರ್ಕಾರಿ ಮಾಂಟೆಸರಿ’ ಶುರುವಾಯಿತು. ಕಾರ್ಯಕರ್ತೆ ಮಾಂಟೆಸರಿ ಟೀಚರ್ ಆದರೆ ಪಕ್ಕದ ಶಾಲೆಯ ಮೇಡಂ ಜೊತೆಗಿನ ಹೋಲಿಕೆ ಇನ್ನಷ್ಟು ಚುಚ್ಚುತ್ತದೆ. ಆಗ ಎರಡರಲ್ಲಿ ಒಂದು ಆಗಬೇಕು: ಇಬ್ಬರಿಗೂ ಸಮವಸ್ತ್ರ ಬರಬೇಕು, ಇಲ್ಲವೇ ಇಬ್ಬರಿಗೂ ಹೋಗಬೇಕು. ಮೊದಲನೆಯದನ್ನು ಪ್ರಾಥಮಿಕ ಶಾಲಾ ಶಿಕ್ಷಕರ ಸಂಘಗಳು ಒಪ್ಪುವುದು ಕಷ್ಟ. ಎರಡನೆಯದನ್ನು ಇಲಾಖೆ ಸುಲಭಕ್ಕೆ ಬಿಟ್ಟುಕೊಡದು. ಬಹುಶಃ ಈಗಿನ ಸ್ಥಿತಿಯೇ ಇನ್ನಷ್ಟು ಕಾಲ ಎಳೆಯುತ್ತದೆ.

ಕಡ್ಡಾಯವನ್ನು ಬಿಗಿ ಮಾಡಿದರೆ ಆಗುವುದೇನೆಂದು ಊಹಿಸಲು ಕಷ್ಟಪಡಬೇಕಿಲ್ಲ. ತಪಾಸಣೆಯ ದಿನ ಮಾತ್ರ ಸಮವಸ್ತ್ರ ಹೊರಬರುತ್ತದೆ. ಆ ಸೀರೆಯನ್ನು ಜೋಪಾನ ಮಾಡಲು ಉಳಿದ ದಿನ ಹಳೆಯ ನೈಟಿಯ ಮೇಲೊಂದು ಟವೆಲ್ ಹೊದ್ದು ಸಹಾಯಕಿ ಒಲೆ ಹಚ್ಚುತ್ತಾಳೆ. ಗುರುತಿನ ಉದ್ದೇಶವೂ ಈಡೇರುವುದಿಲ್ಲ, ಸುರಕ್ಷತೆಯೂ ಸಿಗುವುದಿಲ್ಲ. ಅಂದಹಾಗೆ, ಮನೆಗೆ ಪಡಿತರ ಒಯ್ಯುವ ತಾಯಿಯ ಮುಖವನ್ನು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಗುರುತಿಸಿ ದೃಢಪಡಿಸುವುದು 2025ರ ಜುಲೈನಿಂದ ಕಡ್ಡಾಯವಾಗಿದೆ. ಫೋನಿನಲ್ಲೇ ಇಷ್ಟೆಲ್ಲ ಪತ್ತೆಹಚ್ಚುವ ಇಲಾಖೆಗೆ ತನ್ನದೇ ಕಾರ್ಯಕರ್ತೆಯ ಗುರುತಿಗೆ ಫೋಟೊ ಇರುವ ಒಂದು ಗಟ್ಟಿ ಬ್ಯಾಡ್ಜ್ ಸಾಲದೆ?

ಮನೆ ಭೇಟಿಗೆ, ಸಭೆಗೆ ಸೀರೆ ಅಥವಾ ಚೂಡಿದಾರ, ಕೇಂದ್ರದ ಒಳಗೆ ಜೇಬಿರುವ ನಾಲ್ಕು ಹತ್ತಿ ಏಪ್ರನ್, ಎಲ್ಲ ಕಡೆಗೂ ಬ್ಯಾಡ್ಜ್, ಹೊಲಿಗೆ ಮತ್ತು ಸಾಬೂನಿಗೆ ವರ್ಷಕ್ಕೊಂದು ಮೊತ್ತ ಖಾತೆಗೆ. ಇಷ್ಟು ಮಾಡಿದರೆ ಸಮವಸ್ತ್ರದ ಜಗಳದ ದೊಡ್ಡ ಪಾಲು ಕರಗುತ್ತದೆ. ಗೌರವಧನದ ಜಗಳ ಕರಗುವುದಿಲ್ಲ, ಅದಕ್ಕೆ ಬೇರೆಯೇ ಕಡತ ಇದೆ. ಮುಂದಿನ ಸಲ ‘ಸಮವಸ್ತ್ರ ಕಡ್ಡಾಯ’ ಎಂಬ ಸುದ್ದಿ ಕಂಡಾಗ ಆದೇಶದಲ್ಲಿ ಹುಡುಕಬೇಕಾದ ವಿವರ ಮೂರೇ: ಎಷ್ಟು ಜೊತೆ, ಯಾವ ನೂಲು, ರವಿಕೆಯ ಕೂಲಿ ಯಾರದು.